ಸಂಜೆಯೊಳಗೆ ಕೂಲಿ: ಪರಿಶುದ್ಧತೆಯನ್ನು ದಿನದ ಕೆಲಸಕ್ಕೆ ಇಳಿಸುವ ಬಗೆ

'ನೀವೂ ಪರಿಶುದ್ಧರಾಗಿರಬೇಕು' ಎಂಬ ಆಜ್ಞೆ ಬೈಬಲಿನಲ್ಲಿ ಎಲ್ಲಿದೆ ಎಂದು ಕೇಳಿದರೆ ಹೆಚ್ಚಿನವರು ಬಲಿಪೀಠ, ಧೂಪ, ದೀಪ ಇರುವ ಪುಟಗಳತ್ತ ಕೈ ಹಾಕುತ್ತಾರೆ. ಯಾಜಕಕಾಂಡದ 19ನೇ ಅಧ್ಯಾಯ ತೆರೆದು ನೋಡಿ. ಎರಡನೇ ವಚನದಲ್ಲಿ ಆಜ್ಞೆ ಇದೆ. ಅದರ ಬೆನ್ನಿಗೆ ಬರುವುದೇನು? ಅಪ್ಪ ಅಮ್ಮ, ವಾರದ ಬಿಡುವು, ಕೊಯ್ಲಿನಲ್ಲಿ ಬಡವರಿಗೆ ಬಿಡಬೇಕಾದ ಗದ್ದೆಯ ಅಂಚು, ಕೂಲಿಯಾಳಿನ ಸಂಬಳ, ಕಿವುಡನನ್ನು ಬೈಯುವ ನೀಚತನ, ಊರೂರು ಚಾಡಿ, ಮನಸ್ಸಿನಲ್ಲೇ ಇಟ್ಟುಕೊಂಡ ಹಗೆ, ಪರವೂರಿನ ಆಳು, ಕೊನೆಗೆ ತಕ್ಕಡಿ. 37 ವಚನಗಳ ಈ ಅಧ್ಯಾಯವನ್ನು ಕಾರವಾರದ ಮೀನುಪೇಟೆಯಲ್ಲೋ ಶಿರಸಿಯ ಅಡಿಕೆ ಅಂಗಳದಲ್ಲೋ ಕೂತು ಬರೆದಂತಿದೆ.

ಈ ಕೈಪಿಡಿ ಹಿಡಿದಿರುವುದು ಅದೇ ಜಾಡನ್ನು. ತೇರ್ಸ್ (ಜಪಸರದ ಪ್ರಾರ್ಥನೆ), ಮೀಸ್ (ಚರ್ಚಿನ ಬಲಿಪೂಜೆ), ಕುಮ್ಸಾರ್ (ಗುರುಗಳ ಮುಂದೆ ಪಾಪನಿವೇದನೆ) ಎಲ್ಲವೂ ಬೇಕು, ಅವುಗಳ ಮಾತೂ ಮುಂದೆ ಬರುತ್ತದೆ. ಆದರೆ ಅವು ಒಲೆಗೆ ಹಾಕುವ ಸೌದೆ. ಅಡುಗೆ ಆಗಬೇಕಾದದ್ದು ಕೂಲಿ, ತೂಕ, ಮಾತು ಇವುಗಳಲ್ಲಿ. ಇಲ್ಲಿ ಹೇಳಿರುವ ರೂಢಿಗಳು ಹೆಚ್ಚಾಗಿ ಕಥೋಲಿಕರವು. ಬೇರೆ ಸಭೆಯವರು ತಮ್ಮ ರೂಢಿಗೆ ಹೊಂದಿಸಿಕೊಳ್ಳಬಹುದು, ಕೂಲಿ ಮತ್ತು ತಕ್ಕಡಿಯ ಮಾತು ಮಾತ್ರ ಎಲ್ಲರಿಗೂ ಒಂದೇ.

ಮೊದಲು ಪದದ ಗೊಂದಲ ಬಿಡಿಸಿಕೊಳ್ಳಿ

ಹೀಬ್ರೂವಿನ 'ಕಾದೋಶ್' ಎಂಬ ಮಾತಿಗೆ 'ಬೇರೆಯಾಗಿ ಎತ್ತಿಟ್ಟದ್ದು' ಎಂಬ ಅರ್ಥವಿದೆ. ಕನ್ನಡದಲ್ಲಿ ಪರಿಶುದ್ಧ, ಪವಿತ್ರ ಎನ್ನುತ್ತೇವೆ, ಕೊಂಕಣಿಯಲ್ಲಿ ಭಾಗೆವಂತ್ ಎನ್ನುತ್ತಾರೆ. ನಮ್ಮ ಕಡೆ ಪರಿಶುದ್ಧ ಎಂದು ಕಿವಿಗೆ ಬಿದ್ದ ಕೂಡಲೇ ಮನಸ್ಸು ಮಡಿಯ ಕಡೆ ಹೋಗುತ್ತದೆ. ಮಡಿಗೆ ಅದರದೇ ಶಿಸ್ತು ಇದೆ, ಅದರ ತಕರಾರು ಇಲ್ಲಿ ಬೇಡ. ಆದರೆ ಮುಟ್ಟಿದರೆ ಕೆಡುವಂಥದ್ದು ಎಂಬ ಅರ್ಥದಲ್ಲಿ ಪರಿಶುದ್ಧತೆಯನ್ನು ಹಿಡಿದರೆ ಶುಭಸಂದೇಶ ತಲೆಕೆಳಗಾಗುತ್ತದೆ. ಮಾರ್ಕನ 7ನೇ ಅಧ್ಯಾಯದಲ್ಲಿ ಯೇಸು ಹೇಳುವುದು, ಹೊರಗಿನಿಂದ ಒಳಗೆ ಹೋಗುವುದು ಮನುಷ್ಯನನ್ನು ಹೊಲೆ ಮಾಡುವುದಿಲ್ಲ, ಒಳಗಿನಿಂದ ಹೊರಗೆ ಬರುವುದು ಮಾಡುತ್ತದೆ ಎಂದು. ಅದೇ ಮಾರ್ಕನ 1ನೇ ಅಧ್ಯಾಯದಲ್ಲಿ ಆತ ಕುಷ್ಠರೋಗಿಯನ್ನು ಕೈ ಚಾಚಿ ಮುಟ್ಟುತ್ತಾನೆ. ಮುಟ್ಟಿದವನು ಕೆಡಲಿಲ್ಲ, ಮುಟ್ಟಿಸಿಕೊಂಡವನು ಗುಣವಾದ. ಹೆಪ್ಪು ಹಾಲಿಗೆ ಹೆದರಿ ದೂರ ನಿಂತರೆ ಮೊಸರಾಗುವುದು ಯಾವಾಗ?

ಹಾಗಾದರೆ ಎತ್ತಿಡುವುದು ಎಂದರೇನು? ಬೀಜದ ಭತ್ತವನ್ನು ನೆನೆಯಿರಿ. ಉಣ್ಣುವ ಭತ್ತದಿಂದ ಅದನ್ನು ಬೇರೆ ಮಾಡಿ, ಒಣಗಿಸಿ, ಇಲಿ ಮುಟ್ಟದಂತೆ ಕಟ್ಟಿಡುತ್ತೇವೆ. ಹಾಗೆ ಜೋಪಾನ ಮಾಡುವುದು ಅಟ್ಟದಲ್ಲಿ ಇಟ್ಟು ನೋಡುವುದಕ್ಕಲ್ಲ, ಮಳೆ ಬಂದಾಗ ಕೆಸರಿಗೆ ಹಾಕುವುದಕ್ಕೆ.

ಕೆನರಾಕ್ಕೆ ಗುರುತಿನವರಾದ ಸಂತ ಜೋಸೆಫ್ ವಾಜ್ ಅವರ ಬದುಕು ಇದಕ್ಕೆ ಹೊಂದುತ್ತದೆ. 1651ರಲ್ಲಿ ಗೋವೆಯ ಬಾಣಾವಲಿಯಲ್ಲಿ ಹುಟ್ಟಿ, 1681ರಿಂದ 1684ರ ತನಕ ಕೆನರಾದಲ್ಲಿ ಕೆಲಸ ಮಾಡಿ, ಆಮೇಲೆ ಕೂಲಿಯವನ ವೇಷದಲ್ಲಿ ಸಿಲೋನಿಗೆ (ಈಗಿನ ಶ್ರೀಲಂಕಾ) ಹೋದವರು. ಅಲ್ಲಿ ಡಚ್ಚರು ಕಥೋಲಿಕ ಗುರುಗಳನ್ನು ಒಳಗೆ ಬಿಡುತ್ತಿರಲಿಲ್ಲ. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಎದ್ದು, ಜನ ರೋಗಿಗಳನ್ನು ಬಿಟ್ಟು ಓಡಿದಾಗ, ಅವರ ಹುಣ್ಣು ತೊಳೆದದ್ದು ಇವರೇ. 2015ರ ಜನವರಿ 14ರಂದು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. ಸಂತನ ಕೈ ಮೂಗು ಮುಚ್ಚುವುದಕ್ಕಿಂತ ಹೆಚ್ಚು ಹುಣ್ಣು ತೊಳೆಯುತ್ತದೆ.

ಇದೆಲ್ಲ ಗುರುಗಳಿಗೆ, ಸಿಸ್ಟರುಗಳಿಗೆ ಎಂದು ಪಕ್ಕಕ್ಕೆ ಸರಿಯುವ ದಾರಿಯನ್ನು 1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಮುಚ್ಚಿಬಿಟ್ಟಿತು. ಧರ್ಮಸಭೆಯ ಕುರಿತಾದ ತನ್ನ ದಾಖಲೆಯ 5ನೇ ಅಧ್ಯಾಯವನ್ನು ಅದು ಇಡಿಯಾಗಿ ಇದಕ್ಕೇ ಮೀಸಲಿಟ್ಟಿದೆ: ಮದುವೆಯಾದವರು, ವಿಧವೆಯರು, ದುಡಿಯುವವರು, ಕಾಯಿಲೆಯವರು, ಎಲ್ಲರಿಗೂ ಕರೆ ಒಂದೇ.

ಕೂಲಿ

ಕೂಲಿಯಾಳಿನ ಸಂಬಳ ರಾತ್ರಿಯಿಡೀ ನಿನ್ನ ಬಳಿ ಉಳಿಯಬಾರದು ಎನ್ನುತ್ತದೆ ಯಾಜಕಕಾಂಡ 19:13. ಧರ್ಮೋಪದೇಶಕಾಂಡ 24:15 ಇನ್ನೂ ಬಿಗಿ ಮಾಡಿ ಹೊತ್ತು ಮುಳುಗುವುದರೊಳಗೆ ಎನ್ನುತ್ತದೆ, ಕಾರಣವನ್ನೂ ಕೊಡುತ್ತದೆ: ಅವನು ಬಡವ, ಅದರ ಮೇಲೇ ಜೀವ ಇಟ್ಟುಕೊಂಡಿದ್ದಾನೆ. ಕೆಲಸ ಮಾಡಿಸಿಕೊಳ್ಳುವ ಮನೆಯಲ್ಲಿ ಪರಿಶುದ್ಧತೆ ಶುರುವಾಗುವುದು ಇಲ್ಲಿಂದ.

ನಮ್ಮಲ್ಲಿ ಇದು ತಪ್ಪುವುದು ದುಷ್ಟತನದಿಂದಲ್ಲ, ಚಿಲ್ಲರೆ ಇಲ್ಲದ್ದರಿಂದ. ಸಂಜೆ ಆರಕ್ಕೆ ತೋಟದ ಆಳು ಕೈ ತೊಳೆದು ಅಂಗಳದಲ್ಲಿ ನಿಂತಿರುತ್ತಾನೆ. ಒಡೆಯನ ಕೈಯಲ್ಲಿ ಐನೂರರ ನೋಟು, ಕೊಡಬೇಕಾದದ್ದು ಏಳುನೂರೈವತ್ತು. 'ನಾಳೆ ಒಟ್ಟಿಗೆ ಕೊಡ್ತೆ' ಎಂಬ ಮಾತು ಬಾಯಿಗೆ ಬರುತ್ತದೆ. ಇಲ್ಲವೇ ಫೋನ್‌ಪೇ ತೆರೆದು, ಘಟ್ಟದ ಬುಡದಲ್ಲಿ ನೆಟ್‌ವರ್ಕ್ ಸುತ್ತುತ್ತ ಕೂತದ್ದನ್ನು ತೋರಿಸಿ, 'ರಾತ್ರಿ ಹಾಕ್ತೆ' ಎನ್ನುವುದು. ಆಳು ಆಗಲಿ ಎನ್ನುತ್ತಾನೆ, ಬೇರೆ ದಾರಿಯಿಲ್ಲ. ಅವನು ದಾರಿಯಲ್ಲಿ ಅಂಗಡಿಗೆ ಹೋಗಿ ಅಕ್ಕಿ ತರಬೇಕಿತ್ತು, ಈಗ ಸಾಲ ಬರೆಸುತ್ತಾನೆ. ನಿಮ್ಮ ಬಡ್ಡಿಯಿಲ್ಲದ ಸಾಲಕ್ಕೆ ಅವನು ಬಡ್ಡಿ ಕಟ್ಟಿದಂತಾಯಿತು.

ಪರಿಹಾರ ಬಹಳ ಸಣ್ಣದು. ವಾರಕ್ಕೆ ಎಷ್ಟು ಆಳು, ಎಷ್ಟು ದಿನ ಎಂದು ಭಾನುವಾರವೇ ಲೆಕ್ಕ ಹಾಕಿ. ಸೋಮವಾರ ಬ್ಯಾಂಕಿಗೆ ಹೋದಾಗ ಆ ಮೊತ್ತದ ಮೂರರಲ್ಲಿ ಒಂದು ಪಾಲನ್ನಾದರೂ ನೂರು, ಐವತ್ತರ ನೋಟುಗಳಲ್ಲಿ ತನ್ನಿ. ಮನೆಖರ್ಚಿನ ಡಬ್ಬಿಯಲ್ಲಿ ಬೆರೆಸದೆ ಬೇರೆ ಲಕೋಟೆಯಲ್ಲಿಡಿ. ಎತ್ತಿಡುವುದು ಎಂದರೆ ಇದೂ ಹೌದು. ಮುಂಗಡ ಕೊಟ್ಟಿದ್ದರೆ ತಾರೀಕು ಸಮೇತ ಬರೆದು, ಅವರ ಬಳಿಯೂ ಒಂದು ಚೀಟಿ ಇರಲಿ. ಮುಂಗಡ ತೀರಲಿ ಎಂದು ಪೂರ್ತಿ ದಿನದ ಕೂಲಿ ಹಿಡಿಯಬೇಡಿ, ಮೊದಲೇ ಮಾತಾಡಿಕೊಂಡ ಸಣ್ಣ ಕಂತು ಹಿಡಿಯಿರಿ. ಅಡಿಕೆ ಕೊನೆ ಇಳಿಸುವ ಕೊನೆಗೌಡ ಮರ ಹತ್ತಿ ಅರ್ಧ ದಿನಕ್ಕೆ ಮಳೆ ಬಂದು ಕೆಲಸ ನಿಂತರೆ ಕೂಲಿ ಎಷ್ಟು ಎಂಬುದನ್ನು ಕೆಲಸಕ್ಕೆ ಕರೆಯುವಾಗಲೇ ತೀರ್ಮಾನಿಸಿ. ಮಳೆ ಬಂದ ಮೇಲೆ ಮಾಡುವ ಚೌಕಾಸಿಯಲ್ಲಿ ಗೆಲ್ಲುವವನು ಯಾವಾಗಲೂ ಒಡೆಯನೇ.

ದೋಣಿಯವರ ಲೆಕ್ಕ ಇನ್ನಷ್ಟು ಸೂಕ್ಷ್ಮ, ಏಕೆಂದರೆ ಅಲ್ಲಿ ಕೂಲಿ ಬದಲು ಪಾಲು. ಡೀಸೆಲ್, ಮಂಜುಗಡ್ಡೆ, ರೇಷನ್ ಕಳೆದು ಉಳಿದದ್ದನ್ನು ಒಡೆಯ ಮತ್ತು ಖಲಾಸಿಗಳು (ದೋಣಿಯ ಕೆಲಸಗಾರರು) ಹಂಚಿಕೊಳ್ಳುತ್ತಾರೆ. ತಪ್ಪು ನುಸುಳುವುದು ಕಳೆಯುವ ಸಾಲಿನಲ್ಲಿ: ಬಿಲ್ ಇಲ್ಲದೆ ಅಂದಾಜಿನ ಮೇಲೆ ಮಂಜುಗಡ್ಡೆ ಹಿಡಿಯುವುದು, ಬಲೆ ರಿಪೇರಿಯನ್ನು ಹೇಳದೆ ಖಲಾಸಿಗಳ ಪಾಲಿಗೆ ಸೇರಿಸುವುದು. ಬಿಲ್ಲುಗಳನ್ನು ದಾರಕ್ಕೆ ಪೋಣಿಸಿ ಕ್ಯಾಬಿನ್ನಿನಲ್ಲೇ ತೂಗುಹಾಕಿ, ಪಾಲು ಹಾಕುವಾಗ ಒಂದೊಂದಾಗಿ ಓದಿ. ಒಡಿಶಾ, ಜಾರ್ಖಂಡದ ಹುಡುಗರಿದ್ದರೆ ಹಿಂದಿಯಲ್ಲಿ ಓದಿ. ಪರವೂರಿನವನನ್ನು ನಿನ್ನೂರಿನವನಂತೆ ನೋಡು ಎಂಬ ಯಾಜಕಕಾಂಡ 19ರ 34ನೇ ವಚನ ಭಾಷಣಕ್ಕೆ ಬರೆದದ್ದಲ್ಲ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳಿಗೆ ರಜೆ. ಊರಿಗೆ ಹೊರಟ ಹುಡುಗನ ಲೆಕ್ಕ ಮೇ 31ರ ಒಳಗೆ ಪೂರ್ತಿ ಚುಕ್ತಾ ಆಗಬೇಕು. 'ಆಗಸ್ಟಿಗೆ ಬಾ, ಆಗ ಕೊಡ್ತೇನೆ' ಎನ್ನುವುದು ಅವನನ್ನು ವಾಪಸು ಬರಿಸುವ ಹಗ್ಗ, ಅದಕ್ಕೆ ಬೇರೆ ಹೆಸರಿಲ್ಲ.

ತಕ್ಕಡಿ, ರಾಶಿ, ಚೀಲ

ಅದೇ ಅಧ್ಯಾಯದ 35 ಮತ್ತು 36ನೇ ವಚನಗಳು ಅಳತೆಯ ಸಾಮಾನುಗಳನ್ನು ಹೆಸರು ಹಿಡಿದು ಹೇಳುತ್ತವೆ: ತಕ್ಕಡಿ, ಕಲ್ಲು, ಕಾಳಿನ ಅಳತೆಯ ಎಫಾ, ಎಣ್ಣೆ ಮುಂತಾದವುಗಳ ಹಿನ್. ನಮ್ಮ ಕೊಳಗ, ಸೇರು, ಸಿದ್ದೆಗಳ ಜಾತಿಯವು. ಈಗ ಅವುಗಳ ಜಾಗದಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ಇದೆ, ಅದು ಸುಳ್ಳು ಹೇಳುವುದಿಲ್ಲ ಎಂಬ ಭ್ರಮೆಯೂ ಇದೆ.

ಬೆಳಿಗ್ಗೆ ಅಂಗಡಿ ತೆರೆದಾಗ ತಕ್ಕಡಿಯನ್ನು ಸಮತಟ್ಟಾದ ಹಲಗೆಯ ಮೇಲಿಟ್ಟು, ಖಾಲಿ ತಟ್ಟೆಯೊಂದಿಗೆ ಸೊನ್ನೆ ಮಾಡಿ, ಮುದ್ರೆ ಬಿದ್ದ ಒಂದು ಕಿಲೋ ಕಲ್ಲು ಇಟ್ಟು ನೋಡಿ. ಬ್ಯಾಟರಿ ಇಳಿದಾಗ, ಹಲಗೆ ವಾಲಿದಾಗ ಅಂಕಿ ಜಾರುತ್ತದೆ. ಕಾನೂನು ಮಾಪನ ಇಲಾಖೆಯ ಮುದ್ರೆ ವರ್ಷಕ್ಕೊಮ್ಮೆ ಆಗಬೇಕು, ಹಾಕಿಸಿಕೊಳ್ಳಿ. ಮೀನಿನ ತಟ್ಟೆಯಲ್ಲಿ ನಿಲ್ಲುವ ನೀರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಿರಾಕಿಗೆ 20 ಗ್ರಾಂ ನೀರು ಹೋದರೆ 50 ಗಿರಾಕಿಗೆ ಒಂದು ಕಿಲೋ ಆಯಿತು. ದುಬಾರಿ ಮೀನಾದ ಇಸ್ವಣದ ದರದಲ್ಲಿ ಒಂದು ಕಿಲೋ ನೀರು ಮಾರಿದವರಿಗೆ ಅದು ಗೊತ್ತೇ ಇರುವುದಿಲ್ಲ. ಪ್ರತಿ ತೂಕಕ್ಕೂ ಮೊದಲು ತಟ್ಟೆ ಬಗ್ಗಿಸಿ, ಮತ್ತೆ ಸೊನ್ನೆ ನೋಡಿ.

ಕಾರವಾರದಲ್ಲಿ ಬಹಳಷ್ಟು ಮೀನು ತಕ್ಕಡಿಗೆ ಬರುವುದೇ ಇಲ್ಲ. ಬಾಂಗಡೆಯನ್ನು ನೂರು ರೂಪಾಯಿಗೆ ಇಷ್ಟು ಎಂದು ಎಣಿಸಿ ಕೊಡುತ್ತಾರೆ, ತಾರ್ಲೆ, ಸಣ್ಣ ಸಿಗಡಿಯನ್ನು ರಾಶಿ ಹಾಕುತ್ತಾರೆ. ಇಲ್ಲಿ ಪ್ರಾಮಾಣಿಕತೆ ಇರುವುದು ರಾಶಿ ಕಟ್ಟುವ ಕೈಯಲ್ಲಿ. ದೊಡ್ಡವನ್ನು ಮೇಲೆ ಹೊದಿಸಿ ಸಣ್ಣವನ್ನು ಹೊಟ್ಟೆಗೆ ತುರುಕುವ ಬದಲು, ಬುಟ್ಟಿಯಿಂದ ಕೈಗೆ ಬಂದಂತೆ ಸುರಿದು ಕಟ್ಟಿ. ನಿನ್ನೆಯ ಮೀನಿಗೆ ಬೇರೆ ಬುಟ್ಟಿ, ಬೇರೆ ದರ, ಕೇಳುವ ಮೊದಲೇ 'ಇದು ನಿನ್ನೇದು' ಎಂಬ ಒಂದು ಮಾತು. ಕಣ್ಣು ತಿಳಿಯಾಗಿ ಉಬ್ಬಿರುವುದು, ಕಿವಿರು ಕೆಂಪಗಿರುವುದು, ಬೆರಳಲ್ಲಿ ಒತ್ತಿದರೆ ಮಾಂಸ ಮತ್ತೆ ಎದ್ದುಬರುವುದು ತಾಜಾ ಮೀನಿನ ಗುರುತು ಎಂದು ಗಿರಾಕಿಗೂ ಗೊತ್ತು. ಅದನ್ನು ಏಮಾರಿಸಲು ಕಿವಿರಿಗೆ ಬೇರೆ ಮೀನಿನ ರಕ್ತ ಸವರುವ ಕೈ, ಅದೇ ಸಂಜೆ ಜಪಸರ ಹಿಡಿಯುವ ಕೈಯಾಗಿದ್ದರೆ, ಜಪಸರವನ್ನು ಸ್ವಲ್ಪ ಹೊತ್ತು ಕೆಳಗಿಟ್ಟು ಯೋಚಿಸುವುದು ಒಳ್ಳೆಯದು.

ಘಟ್ಟದ ಮೇಲೆ ಇದೇ ಲೆಕ್ಕ ಅಡಿಕೆಗೆ. ಚಾಲಿಗೆ, ಅಂದರೆ ಬಿಸಿಲಲ್ಲಿ ಒಣಗಿಸಿ ಸುಲಿದ ಅಡಿಕೆಗೆ, ಹಣ್ಣಡಿಕೆ ಸುಮಾರು 40–45 ಬಿಸಿಲು ಒಣಗಬೇಕು, ಅಲುಗಿಸಿದರೆ ಸಿಪ್ಪೆಯೊಳಗೆ ಗೋಟು ಸದ್ದು ಮಾಡಬೇಕು. 30 ದಿನಕ್ಕೇ ಸುಲಿದರೆ ತೂಕ ಹೆಚ್ಚು, ಒಳಗೆ ಬೂಸಲು. ಚೀಲದ ಬಾಯಿಗೆ ಒಳ್ಳೆಯ ಚಾಲಿ, ನಡುವೆ ಬಿಳೆಗೋಟು, ಕೋಕಾ ಎಂಬ ಕೀಳು ದರ್ಜೆಯವನ್ನು ಸೇರಿಸುವುದು ಹಳೆಯ ಕಸುಬು. ವ್ಯಾಪಾರಿಯೂ ಅಷ್ಟೇ ಹಳೆಯವನು, ಬಂಬು ಚುಚ್ಚಿ ನಡುವಿನದನ್ನೇ ತೆಗೆದು ನೋಡುತ್ತಾನೆ ಅನ್ನಿ. ಸಿಕ್ಕಿಬೀಳುತ್ತೇವೆಂದು ಬಿಡುವುದು ಜಾಣತನ. ಚುಚ್ಚಿ ನೋಡದ ವ್ಯಾಪಾರಿಗೂ ಅದೇ ಚೀಲ ಕೊಡುವುದು ನಾವು ಇಲ್ಲಿ ಹೇಳುತ್ತಿರುವ ಸಂಗತಿ.

ಕೊಳ್ಳುವವರು ಇಲ್ಲಿಗೆ ಬಂದು ನಿಟ್ಟುಸಿರು ಬಿಡಬೇಡಿ. ಜ್ಞಾನೋಕ್ತಿ 20:14 ನಿಮ್ಮ ಬಗ್ಗೆ: ಕೊಳ್ಳುವಾಗ ಚೆನ್ನಾಗಿಲ್ಲ, ಚೆನ್ನಾಗಿಲ್ಲ ಎನ್ನುತ್ತಾನೆ, ಆಚೆ ಹೋಗಿ ಹೆಚ್ಚಳ ಕೊಚ್ಚಿಕೊಳ್ಳುತ್ತಾನೆ. ಕಾರವಾರದ ಸಂತೆ ಭಾನುವಾರವೇ. ಮೀಸ್ ಮುಗಿಸಿ ಅದೇ ಬಟ್ಟೆಯಲ್ಲಿ ಸಂತೆಗೆ ಇಳಿದು, ಅಂಕೋಲೆಯ ಕಡೆಯಿಂದ ಬೆಳಗಿನ ಜಾವ ಬುಟ್ಟಿ ಹೊತ್ತು ಬಂದ ಹಾಲಕ್ಕಿ ಅಜ್ಜಿಯ ಹತ್ತಿರ ಎರಡು ಕಟ್ಟು ಹರಿವೆಗೆ ಐದು ರೂಪಾಯಿ ಇಳಿಸಲು ಕಾಲು ಗಂಟೆ ಚೌಕಾಸಿ ಮಾಡಿ, ಅದೇ ದಿನ ಮಾಲಿನಲ್ಲಿ ಚೀಟಿ ಅಂಟಿಸಿದ ಬೆಲೆಗೆ ತುಟಿ ಬಿಚ್ಚದೆ ಕಾರ್ಡು ಉಜ್ಜುವವರು ನಾವೇ. ನಿಯಮ ಇಷ್ಟು ಇಟ್ಟುಕೊಳ್ಳಿ: ಎಲ್ಲಿ ಅಂಗಡಿಯವನಿಗೆ ನಿಮಗಿಂತ ಹೆಚ್ಚು ಶಕ್ತಿ ಇದೆಯೋ ಅಲ್ಲಿ ಚೌಕಾಸಿ ಮಾಡಿ, ಕಡಿಮೆ ಇದ್ದಲ್ಲಿ ಒಂದೇ ಬಾರಿ ದರ ಕೇಳಿ, ಆಗುವುದಾದರೆ ಕೊಳ್ಳಿ, ಆಗದಿದ್ದರೆ ಹೆಸರಿಡದೆ ಮುಂದೆ ಹೋಗಿ.

ಅಂಚು ಬಿಡುವ ಮಾತು ಒಂದೇ ಸಾಲಿನದು. ಯಾಜಕಕಾಂಡ 19ರ 9, 10ನೇ ವಚನಗಳಲ್ಲಿ ಗದ್ದೆಯ ಅಂಚನ್ನೂ ಬಿದ್ದ ತೆನೆಯನ್ನೂ ಬಡವರಿಗೆ ಬಿಡಿ ಎಂದಿದೆ. ದಡದಲ್ಲಿ ಹಲವರು ಸೇರಿ ರಂಪಣಿ ಬಲೆ ಎಳೆಯುವಾಗ ಹಗ್ಗಕ್ಕೆ ಕೈಕೊಟ್ಟವನಿಗೆ ಒಂದು ಹಿಡಿ ಮೀನು ಕೊಡುವುದು ಇದೇ ಗುಣದ್ದು. ನಿಮ್ಮ ಬೇಲಿಯಾಚೆ ಬಿದ್ದ ಮಾವು, ಗೋಡಂಬಿ ಯಾರು ಹೆಕ್ಕಿದರು ಎಂದು ಸಿಸಿಟಿವಿ ನೋಡುತ್ತ ಕೂರಬೇಡಿ.

ನಾಲಿಗೆ ಮತ್ತು ವಾಟ್ಸ್ಆ್ಯಪ್

ಅದೇ ಅಧ್ಯಾಯದ 16ನೇ ವಚನಕ್ಕೆ ಎರಡು ಭಾಗ. ಮೊದಲರ್ಧ ಚಾಡಿ ಬೇಡ ಎನ್ನುತ್ತದೆ. ಎರಡನೆಯರ್ಧ, ನೆರೆಯವನ ಜೀವಕ್ಕೆ ಕುತ್ತು ಬಂದಾಗ ಸುಮ್ಮನೆ ನಿಲ್ಲಬೇಡ ಎನ್ನುತ್ತದೆ. ಮೊದಲರ್ಧ ಮಾತ್ರ ಓದಿದವರು ಕೆಟ್ಟದ್ದನ್ನು ಮುಚ್ಚಿಹಾಕುತ್ತಾರೆ, ಎರಡನೆಯದು ಮಾತ್ರ ಓದಿದವರು ಊರೆಲ್ಲ ತಮಟೆ ಬಡಿಯುತ್ತಾರೆ.

ಮೊದಲರ್ಧಕ್ಕೆ ಒಂದು ಸುಲಭದ ಪರೀಕ್ಷೆ: ವಾಡೆಯ (ಚರ್ಚಿನ ವಾರ್ಡಿನ) ಗ್ರೂಪಿಗೆ ಕಳಿಸುವ ಮೊದಲು ಸುದ್ದಿಯಿಂದ ಹೆಸರನ್ನು ಅಳಿಸಿ ನೋಡಿ. ಹೆಸರಿಲ್ಲದೆಯೂ ಸುದ್ದಿ ಉಪಯೋಗಕ್ಕೆ ಬರುವುದಾದರೆ ಹೆಸರಿಲ್ಲದೆ ಕಳಿಸಿ. ಹೆಸರು ತೆಗೆದ ಕೂಡಲೇ ರುಚಿ ಹೋಯಿತೆಂದರೆ ಅದು ಚಾಡಿ. 'ಪ್ರಾರ್ಥನೆ ಮಾಡಿ' ಎಂಬ ಒಗ್ಗರಣೆ ಹಾಕಿದ ಮಾತ್ರಕ್ಕೆ ಚಾಡಿ ಬದಲಾಗುವುದಿಲ್ಲ.

ಜಗಳವಿದ್ದರೆ ದಾರಿ ಮತ್ತಾಯ 18:15–17ರಲ್ಲಿ ಮೂರು ಹಂತದಲ್ಲಿದೆ. ಮೊದಲು ಒಬ್ಬರೇ ಹೋಗಬೇಕು. ಚರ್ಚಿನ ಮೆಟ್ಟಿಲ ಮೇಲೆ ಬೇಡ, ಕುಡಿದ ಹೊತ್ತಿನಲ್ಲಿ ಬೇಡ, ಅವರ ಮನೆಗೆ, ಹಗಲಲ್ಲಿ. ಒಂದೇ ಘಟನೆ ಎತ್ತಿ: 'ಹೋದ ತಿಂಗಳು ಬೇಲಿ ಎರಡು ಅಡಿ ಈಚೆ ಬಂತು.' ಮೂವತ್ತು ವರ್ಷದ ಪಟ್ಟಿ ತೆಗೆದರೆ ಆವತ್ತೇ ಬಾಗಿಲು ಮುಚ್ಚುತ್ತದೆ. ಎರಡನೇ ಹಂತಕ್ಕೆ ಒಬ್ಬರನ್ನೋ ಇಬ್ಬರನ್ನೋ ಕರೆದೊಯ್ಯುವಾಗ ನಿಮ್ಮ ಪಕ್ಷದವರನ್ನಲ್ಲ, ಎದುರಿನವರು ನಂಬುವವರನ್ನು ಆರಿಸಿ. ಹೆಚ್ಚಿನ ಸಂಧಾನ ಮುರಿಯುವುದು ಈ ಆಯ್ಕೆಯಲ್ಲೇ. ಆಮೇಲೆ ಗುರ್ಕಾರ (ವಾಡೆಯ ಮುಖಂಡ), ಗುರುಗಳು.

ಆದರೆ ಹೆಂಡತಿಗೆ ಹೊಡೆತ, ಮಕ್ಕಳ ಮೇಲೆ ಕೈ, ಇವಕ್ಕೆ ಈ ಮೂರು ಹಂತದ ದಾರಿ ಅಲ್ಲ. ಅಲ್ಲಿ ಹಿಡಿಯಬೇಕಾದದ್ದು 16ನೇ ವಚನದ ಎರಡನೆಯರ್ಧ. ಮಕ್ಕಳಿಗೆ 1098, ಮಹಿಳೆಯರಿಗೆ 181, ತುರ್ತಿಗೆ 112. 'ಇಗರ್ಜಿಯ ಮಾನ' ಎಂದು ಫೋನ್ ಕೆಳಗಿಡುವುದು ಪರಿಶುದ್ಧತೆಯಲ್ಲ.

ರಾತ್ರಿಯ ಹತ್ತು ನಿಮಿಷ

ಬೆಳಿಗ್ಗೆ 6, ಮಧ್ಯಾಹ್ನ 12, ಸಂಜೆ 6ರ ದೇವದೂತ ಪ್ರಾರ್ಥನೆಗೆ ತಲಾ ಎರಡು ನಿಮಿಷ ಸಾಕು, ಬಲೆ ಹೆಣೆಯುತ್ತಲೂ ಹೇಳಬಹುದು. ಸಂಜೆಯ ತೇರ್ಸ್ ಐದು ದಶಕ (ಹತ್ತು ಹತ್ತು ಜಪದ ಐದು ಸುತ್ತು), ಅವಸರಿಸದೆ ಇಪ್ಪತ್ತು ನಿಮಿಷ. ಇವು ಬಹುತೇಕ ಮನೆಗಳಲ್ಲಿ ಇವೆ. ಇಲ್ಲದಿರುವುದು ತೇರ್ಸ್ ಮುಗಿದ ಮೇಲಿನ ಹತ್ತು ನಿಮಿಷ, ಅಂದರೆ ಆತ್ಮಶೋಧನೆ. 16ನೇ ಶತಮಾನದ ಸಂತ ಇಗ್ನೇಷಿಯಸ್ ಕಲಿಸಿದ ಐದು ಹೆಜ್ಜೆ ಹೀಗಿವೆ:

1. ಇಂದು ಸಿಕ್ಕಿದ್ದಕ್ಕೆ ವಂದನೆ. ಹೆಸರು ಹಿಡಿದು: ಗಾಳಿ ಬಿಟ್ಟಿತು, ಮಗುವಿನ ಜ್ವರ ಇಳಿಯಿತು.
2. ನನ್ನ ದಿನವನ್ನು ನಿನ್ನ ಕಣ್ಣಿನಿಂದ ನೋಡುವಂತೆ ಮಾಡು ಎಂಬ ಬೇಡಿಕೆ.
3. ಎದ್ದಾಗಿನಿಂದ ಈ ತನಕ ಗಂಟೆ ಗಂಟೆಯಾಗಿ ನೋಡುವುದು. ಹೆಚ್ಚಿನ ಸಮಯ ಇದಕ್ಕೇ.
4. ತಪ್ಪಿದ್ದಕ್ಕೆ ಕ್ಷಮೆ.
5. ನಾಳೆ ಮಾಡುವ ಒಂದೇ ಒಂದು ಕೆಲಸ.

ಕೆಡುವುದು ಮೂರನೇ ಹೆಜ್ಜೆಯಲ್ಲಿ. ಗಂಟೆಗಳನ್ನು ನೋಡುವ ಬದಲು 'ನಾನು ಪಾಪಿ' ಎಂಬ ಮಬ್ಬಿನೊಳಗೆ ಇಳಿದು ನಿದ್ದೆ ಹೋಗುತ್ತೇವೆ. ಜಾಗ ಹಿಡಿದು ನೋಡಿ: ಬಸ್‌ಸ್ಟ್ಯಾಂಡ್, ಅಂಗಡಿ, ಅಡುಗೆಮನೆ, ಫೋನು. ಇನ್ನೊಂದು ಉಪಾಯವನ್ನೂ ಅದೇ ಸಂತರು ಹೇಳಿಕೊಟ್ಟರು: ಒಂದು ಕಾಲಕ್ಕೆ ಒಂದೇ ದೋಷ ಹಿಡಿದು, ಎಡವಿದಷ್ಟು ಸಲ ಒಂದೊಂದು ಚುಕ್ಕೆ ಹಾಕುವುದು. ಅಡುಗೆಮನೆಯ ಗೋಡೆಯ ಕ್ಯಾಲೆಂಡರೇ ಸಾಕು. ತಾರೀಕಿನ ಚೌಕದ ಮೂಲೆಯಲ್ಲಿ ಪೆನ್ಸಿಲ್ ಚುಕ್ಕೆ, ಏನೆಂದು ಬರೆಯಬೇಕಿಲ್ಲ, ನೋಡಿದವರು ಹಾಲಿನ ಲೆಕ್ಕ ಎಂದುಕೊಳ್ಳುತ್ತಾರೆ. ಮೊದಲ ವಾರ ಚುಕ್ಕೆ ಹೆಚ್ಚುತ್ತವೆ. ದೋಷ ಹೆಚ್ಚಿದ್ದಲ್ಲ, ಕಣ್ಣು ಚುರುಕಾದದ್ದು. ಇಲ್ಲೇ ಬಹಳ ಜನ ಬಿಟ್ಟುಬಿಡುತ್ತಾರೆ. ಮೂರು, ನಾಲ್ಕನೇ ವಾರದ ತನಕ ತಡೆಯಿರಿ. ಸೋಮವಾರದ ಚೌಕದಲ್ಲಿ ಮಾತ್ರ ಚುಕ್ಕೆ ಗುಂಪಾಗಿದ್ದರೆ ಸೋಮವಾರ ಏನಿದೆ ಎಂದು ಹುಡುಕಿ. ಕಾರಣ ಪಿಶಾಚಿಗಿಂತ ಹೆಚ್ಚಾಗಿ ನಿದ್ದೆಗೆಟ್ಟದ್ದು, ಹಸಿವು, ಸಾಲದ ಕಂತು.

ಮಾಡಿದ ತಪ್ಪನ್ನು ಹಿಂದಿರುಗಿಸುವ ಲೆಕ್ಕ

ಕುಮ್ಸಾರ್ ಮಾಡಿದರೆ ಪಾಪ ಕ್ಷಮೆಯಾಗುತ್ತದೆ, ನೆರೆಯವನ ದುಡ್ಡು ನೆರೆಯವನ ಮನೆಗೆ ತಾನಾಗಿ ಹೋಗುವುದಿಲ್ಲ. ಕದ್ದದ್ದನ್ನು ಹಿಂದಿರುಗಿಸಬೇಕು ಎಂಬುದು ಧರ್ಮಸಭೆಯ ಬೋಧನೆ. ಸಂಖ್ಯಾಕಾಂಡ 5:7 ಅಳತೆಯನ್ನೂ ಕೊಡುತ್ತದೆ: ಅಸಲು, ಅದರ ಮೇಲೆ ಐದರಲ್ಲಿ ಒಂದು ಪಾಲು. 500 ತಪ್ಪಿಸಿದ್ದರೆ 600. ಸುಂಕದವನಾದ ಜಕ್ಕಾಯ ನಾಲ್ಕು ಪಟ್ಟು ಕೊಡುತ್ತೇನೆಂದ, ಲೂಕ 19:8. ಅಲ್ಲೂ 19ನೇ ಅಧ್ಯಾಯವೇ ಬಂದದ್ದು ಕಾಕತಾಳೀಯ, ನೆನಪಿಗೆ ಮಾತ್ರ ಅನುಕೂಲ.

ಯಾರಿಗೆ ಎಷ್ಟು ಎಂದು ಗೊತ್ತಿದ್ದರೆ ಅವರಿಗೇ ಕೊಡಿ. ಹೇಳಿಕೊಂಡರೆ ಸಂಬಂಧ ಒಡೆಯುತ್ತದೆ ಎಂಬ ಭಯವಿದ್ದರೆ ಗುರುಗಳ ಮೂಲಕವೋ ಹೆಸರಿಲ್ಲದ ಲಕೋಟೆಯಲ್ಲೋ ತಲುಪಿಸಬಹುದು, ದುಡ್ಡು ತಲುಪುವುದು ಮುಖ್ಯ. ಅವರು ತೀರಿಹೋಗಿದ್ದರೆ ಮಕ್ಕಳಿಗೆ. ತೂಕದಲ್ಲಿ ಹತ್ತು ವರ್ಷ ಯಾರು ಯಾರಿಗೆ ಎಷ್ಟು ಕಡಿಮೆಯಾಯಿತೆಂದು ಗೊತ್ತಿಲ್ಲವೆಂದರೆ ಅಂದಾಜು ಹಾಕಿ, ಆ ಮೊತ್ತ ಬಡವರಿಗೆ. ಅದನ್ನು ಚರ್ಚಿನ ಗಂಟೆಗೋ ಬೆಂಚಿಗೋ ಹೆಸರು ಕೆತ್ತಿಸಿ ಕೊಡುವುದು ಹಿಂದಿರುಗಿಸುವುದಲ್ಲ, ಬೇರೆಯವರ ದುಡ್ಡಿನಲ್ಲಿ ಕೀರ್ತಿ ಕೊಂಡದ್ದು.

ಉಪವಾಸ, ಮೀನಿನ ಊರಿನಲ್ಲಿ

ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಉಪವಾಸದ ದಿನಗಳು. 18 ತುಂಬಿದವರಿಂದ 59 ತುಂಬುವವರೆಗೆ ಕಡ್ಡಾಯ. ರೂಢಿ ಹೀಗೆ: ಒಂದು ಪೂರ್ತಿ ಊಟ, ಇನ್ನೆರಡು ಹೊತ್ತು ಎರಡೂ ಸೇರಿ ಒಂದು ಊಟಕ್ಕಿಂತ ಕಡಿಮೆ. ಮಾಂಸ ಬಿಡುವುದು 14 ತುಂಬಿದವರಿಂದ. ಕಾಯಿಲೆಯವರು, ಬಸುರಿಯರು, ಎದೆಹಾಲು ಉಣಿಸುವವರು ಉಪವಾಸ ಹಿಡಿಯಬೇಕಿಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಸಾಹಸ ಮಾಡಲೇಬಾರದು. ಮೀಸಿನಲ್ಲಿ ಸ್ವೀಕರಿಸುವ ಪರಮ ಪ್ರಸಾದಕ್ಕೆ ಮೊದಲು ಒಂದು ಗಂಟೆ ಏನೂ ತಿನ್ನಬಾರದು, ನೀರು ಮತ್ತು ಔಷಧಿಗೆ ಅಡ್ಡಿಯಿಲ್ಲ.

ಮಾಂಸ ಬಿಡುವ ದಿನ ಮೀನು ತಿನ್ನಬಹುದು ಎಂಬ ನಿಯಮ ಮೀನು ಬಡವರ ಊಟವಾಗಿದ್ದ ಕಡೆ ಅರ್ಥವಾಗುತ್ತದೆ. ಕೋಳಿಗಿಂತ ಇಸ್ವಣ ದುಬಾರಿಯಾದ ಕಾರವಾರದಲ್ಲಿ ಶುಕ್ರವಾರ ಕೋಳಿ ಬಿಟ್ಟು ಇಸ್ವಣದ ತುಂಡು ರವೆ ಹಚ್ಚಿ ಕರಿದರೆ ನಿಯಮ ಮುರಿಯಲಿಲ್ಲ, ಆದರೆ ತಪಸ್ಸೂ ಆಗಲಿಲ್ಲ. ಇಲ್ಲಿ ಬಿಡಬೇಕಾದದ್ದು ಮೀನು. ಗಂಜಿ, ಅಪ್ಪೆಮಿಡಿ ಉಪ್ಪಿನಕಾಯಿ ಸಾಕು. ಉಳಿದ ದುಡ್ಡನ್ನು ಆ ರಾತ್ರಿಯೇ ಬಡವರಿಗೆಂದು ಬೇರೆ ಲಕೋಟೆಗೆ ಹಾಕಿ. ಎಣಿಸದೆ ಬಿಟ್ಟರೆ ಅದು ಶನಿವಾರದ ಸಿಗಡಿಯಾಗಿ ವಾಪಸು ಬರುತ್ತದೆ.

ಎಡವುವ ಇನ್ನೆರಡು ಜಾಗ

ಒಂದು, ಎಲ್ಲವನ್ನೂ ಒಮ್ಮೆಗೇ ಹಿಡಿಯುವುದು. ಈಸ್ಟರಿಗೆ ಮೊದಲಿನ ತಪಸ್ಸುಕಾಲದ ಮೊದಲ ದಿನ ಕುಡಿತ, ಬೀಡಿ, ಫೋನು, ಸಿಟ್ಟು ಎಲ್ಲ ಬಿಟ್ಟವರು ಮೊದಲ ಭಾನುವಾರಕ್ಕೆ ಎಲ್ಲವನ್ನೂ ಮತ್ತೆ ಹಿಡಿದಿರುತ್ತಾರೆ, ಜತೆಗೆ ತಮ್ಮಿಂದ ಆಗದು ಎಂಬ ಪಾಠವನ್ನೂ ಕಲಿತಿರುತ್ತಾರೆ. ಕುಡಿತ ಚಟವಾಗಿದ್ದರೆ ಪ್ರಾರ್ಥನೆಯ ಜತೆ ವೈದ್ಯರೂ ಬೇಕು. ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ನಡುಕ, ಫಿಟ್ಸ್ ಬಂದು ಜೀವಕ್ಕೇ ಅಪಾಯ.

ಇನ್ನೊಂದು, ಸಂಶಯದ ಕಾಯಿಲೆ. ಕೆಲವರಿಗೆ ಚುಕ್ಕೆ ಹಾಕುವುದೇ ಹುಣ್ಣಾಗುತ್ತದೆ. ಹೇಳಿದ ಪಾಪವನ್ನೇ ಮತ್ತೆ ಮತ್ತೆ ಕುಮ್ಸಾರಿಗೆ ತರುತ್ತಾರೆ, ಪ್ರಾರ್ಥನೆಯ ಒಂದು ಪದ ತಪ್ಪಿದರೆ ಮೊದಲಿನಿಂದ ಶುರು ಮಾಡುತ್ತಾರೆ. ಇಂಥವರು ಕ್ಯಾಲೆಂಡರನ್ನು ಮುಟ್ಟಬಾರದು. ಒಬ್ಬರೇ ಗುರುಗಳ ಬಳಿ ಹೋಗಿ, ಅವರು ಮುಗಿಯಿತು ಎಂದದ್ದನ್ನು ಮತ್ತೆ ತೆರೆಯಬಾರದು. ನಿದ್ದೆ, ಊಟ ಕೆಡುವಷ್ಟಾದರೆ ಮನೋವೈದ್ಯರನ್ನೂ ಕಾಣಬೇಕು, ಅದರಲ್ಲಿ ನಂಬಿಕೆಯ ಕೊರತೆ ಏನಿಲ್ಲ.

ಶುರು ಮಾಡುವವರು ಇವುಗಳಲ್ಲಿ ಒಂದನ್ನೇ ಆರಿಸಿ, ಒಂದು ತಿಂಗಳು ಬೇರೆಯದನ್ನು ಮುಟ್ಟಬೇಡಿ. ಯಾವುದೆಂದು ತಿಳಿಯದಿದ್ದರೆ ಕೂಲಿ ಹಿಡಿಯಿರಿ, ಅದಕ್ಕೆ ಮನಸ್ಸಿನ ಹದ ಬೇಕಿಲ್ಲ, ಚಿಲ್ಲರೆ ಇದ್ದರೆ ಆಯಿತು. ಮನೆಗೆಲಸಕ್ಕೆ ಬರುವ ಹೆಂಗಸಿಗೆ ಈ ತಿಂಗಳ ಸಂಬಳ ಎಷ್ಟನೇ ತಾರೀಕಿಗೆ ಹೋಯಿತು, ಹೋದ ತಿಂಗಳು ಎಷ್ಟಕ್ಕೆ ಎಂದು ಫೋನಿನಲ್ಲಿ ತೆರೆದು ನೋಡಿ. ಎರಡು ತಾರೀಕೂ ಒಂದೇ ಆಗಿರದಿದ್ದರೆ ಕ್ಯಾಲೆಂಡರಿನ ಮುಂದಿನ 1ನೇ ತಾರೀಕಿಗೆ ಪೆನ್ಸಿಲಿನಲ್ಲಿ ಒಂದು ಸುತ್ತು ಹಾಕಿ, ಹಿಂದಿನ ದಿನವೇ ಐವತ್ತರ ನೋಟುಗಳನ್ನು ಎಣಿಸಿಡಿ.